ಹೋಲಿಕೆಯ ದಿನಗಳನ್ನು ಆರಿಸುವ ಮೊದಲು

ಎಲ್ಲರಿಗೂ ನಮಸ್ಕಾರ. ವಾಯುಮಾಲಿನ್ಯ ಮತ್ತು ಹೃದಯಾಘಾತದ ದತ್ತಾಂಶವನ್ನು ಕೇಸ್-ಕ್ರಾಸ್‌ಓವರ್ ವಿಧಾನದಲ್ಲಿ ವಿಶ್ಲೇಷಿಸುತ್ತಿರುವವರು ದಯವಿಟ್ಟು ಗಮನಿಸಿ. 1991ರಲ್ಲಿ ಸಂಶೋಧಕ ಮ್ಯಾಕ್ಲೂರ್ ಮುಂದಿಟ್ಟ ಈ ವಿಧಾನದಲ್ಲಿ ರೋಗಿಯನ್ನು ಬೇರೆಯವರೊಂದಿಗೆ ಹೋಲಿಸುವುದಿಲ್ಲ. ಆಘಾತವಾದ ದಿನವನ್ನು ಅದೇ ವ್ಯಕ್ತಿಯ ಬೇರೆ ದಿನಗಳೊಂದಿಗೆ ಹೋಲಿಸುತ್ತೇವೆ. ಹಾಗಾಗಿ ವಯಸ್ಸು, ಲಿಂಗ, ಹಳೆಯ ಧೂಮಪಾನದ ಚಟ ತಾವಾಗಿಯೇ ಲೆಕ್ಕದಿಂದ ಹೊರಬೀಳುತ್ತವೆ. ಅವನ್ನು ಮತ್ತೆ ತುರುಕಬೇಡಿ. ಆದರೆ ದಿನದಿಂದ ದಿನಕ್ಕೆ ಬದಲಾಗುವ ಉಷ್ಣಾಂಶ ಲೆಕ್ಕದಲ್ಲಿ ಬೇಕೇ ಬೇಕು.

ಹಿಂದಿನ ವಾರದೊಂದಿಗಷ್ಟೇ ಹೋಲಿಸುವ ಸುಲಭದ ದಾರಿ ಬೇಡ. ಮಾಲಿನ್ಯವೇ ಏರುತ್ತಲೋ ಇಳಿಯುತ್ತಲೋ ಇದ್ದರೆ ಫಲಿತಾಂಶವೂ ಅದರ ಜೊತೆ ವಾಲುತ್ತದೆ. ಘಟನೆ ಮಂಗಳವಾರ ನಡೆದಿದ್ದರೆ ಅದೇ ತಿಂಗಳ ಉಳಿದೆಲ್ಲ ಮಂಗಳವಾರಗಳನ್ನು ತೆಗೆದುಕೊಳ್ಳಿ, ನಂತರದವೂ ಸೇರಿ. ನಂತರದ ದಿನವೇ ಎಂದು ಹುಬ್ಬೇರಿಸುವವರಿಗೆ: ಒಬ್ಬರ ಕಾಯಿಲೆ ಊರಿನ ಗಾಳಿಯನ್ನು ಬದಲಿಸುವುದಿಲ್ಲವಲ್ಲ! (ವ್ಯಾಯಾಮ, ಕಾಫಿಯಂಥ ವೈಯಕ್ತಿಕ ಅಭ್ಯಾಸಗಳಿಗೆ ಈ ಮಾತು ಸಲ್ಲದು, ಆಘಾತವಾದ ಮೇಲೆ ಅವು ಬದಲಾಗುತ್ತವೆ.)

ವಿಶ್ಲೇಷಣೆಗೆ ಕಂಡಿಷನಲ್ ಲಾಜಿಸ್ಟಿಕ್ ರಿಗ್ರೆಶನ್ (ಪ್ರತಿ ವ್ಯಕ್ತಿಯ ದಿನಗಳನ್ನು ಅವರದೇ ದಿನಗಳೊಂದಿಗೆ ಹೋಲಿಸುವ ಸಂಖ್ಯಾಶಾಸ್ತ್ರೀಯ ಲೆಕ್ಕ) ಬಳಸಿ. ಅದೇ ದಿನದ ಪರಿಣಾಮವೋ, ಎರಡು ದಿನ ತಡವಾಗಿ ಬರುವುದೋ, ಯಾವುದನ್ನು ನೋಡುತ್ತೀರಿ ಎಂಬುದನ್ನು ಲೆಕ್ಕ ಆರಂಭಿಸುವ ಮೊದಲೇ ಬರೆದು ಗುಂಪಿಗೆ ಹಾಕಿ. ಎಲ್ಲವನ್ನೂ ಪರೀಕ್ಷಿಸಿ, ಚೆನ್ನಾಗಿ ಕಂಡದ್ದನ್ನು ಮಾತ್ರ ಕಳುಹಿಸುವುದು ಬೇಡ.