ಕ್ಯಾನ್ ಕೊಡುವಾಗ ಎರಡು ಮಾತು ಹೇಳಿ ಕೊಡಿ

ಮಾನ್ಯರೇ,

ಹೋದ ತಿಂಗಳು ನಮ್ಮ ಅತ್ತಿಗೆಗೆ ಡಾಕ್ಟರು ಕ್ರಿಯಾಟಿನಿನ್ ಕ್ಲಿಯರೆನ್ಸ್ ಪರೀಕ್ಷೆ ಬರೆದುಕೊಟ್ಟರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ; ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ನೋಡುವ ಪರೀಕ್ಷೆ ಇದು. ಲ್ಯಾಬಿನವರು ದೊಡ್ಡ ಬಿಳಿ ಕ್ಯಾನ್ ಕೈಗಿಟ್ಟು, 'ಒಂದು ದಿನದ ಯೂರಿನ್ ಹಿಡಿದು ತನ್ನಿ' ಅಂದರಂತೆ. ಅಷ್ಟೇ. ಮಾರನೇ ದಿನ ನೆಂಟರ ಗೃಹಪ್ರವೇಶ. ಅಲ್ಲಿಗೆ ಕ್ಯಾನ್ ಹಿಡಿದು ಹೋಗೋದು ಹೇಗೆ? ಮನೆಯಲ್ಲೇ ಬಿಟ್ಟು ಹೋದರು, ಬಂದಿದ್ದು ರಾತ್ರಿಗೆ. ವರದಿಯಲ್ಲಿ ನಿಮಿಷಕ್ಕೆ 25 ಎಂ.ಎಲ್. ಅಂತ ಬಂತು, ಅಂದರೆ ಕಿಡ್ನಿ ಸೋಸುವುದು ತುಂಬಾ ಕಡಿಮೆ ಅಂತ. ಡಯಾಲಿಸಿಸ್ ಬೇಕಾಗುತ್ತೇನೋ ಅಂತ ಅಣ್ಣ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ನನ್ನ ಕಣ್ಣು ಮೊದಲು ಹೋಗಿದ್ದು ಮೂತ್ರದ ಅಳತೆಯ ಮೇಲೆ. 720 ಎಂ.ಎಲ್. ಮಾತ್ರ! ಲೆಕ್ಕ ಕಷ್ಟದ್ದಲ್ಲ. ಮೂತ್ರದ ಕ್ರಿಯಾಟಿನಿನ್ ಅನ್ನು ನಿಮಿಷಕ್ಕೆ ಬಂದ ಮೂತ್ರದಿಂದ ಗುಣಿಸಿ, ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ದಿನಕ್ಕೆ 1440 ನಿಮಿಷ, ಹಾಗಾಗಿ ನಿಮಿಷಕ್ಕೆ ಅರ್ಧ ಎಂ.ಎಲ್. ಅವರ ಕ್ರಿಯಾಟಿನಿನ್ ಮೂತ್ರದಲ್ಲಿ 60, ರಕ್ತದಲ್ಲಿ 1.2. ಉತ್ತರ 25. ಅರ್ಧ ಮೂತ್ರ ಕ್ಯಾನಿಗೆ ಬೀಳದಿದ್ದರೆ ಕಾಗದದ ಮೇಲೆ ಅರ್ಧ ಕಿಡ್ನಿಯೇ ಹೋಯಿತು, ಅಲ್ವಾ? ಅದೇ 1.2ಕ್ಕೆ ಅವರ 66 ವಯಸ್ಸು ಸೇರಿಸಿ ಇಜಿಎಫ್‌ಆರ್ (ಮೂತ್ರ ಹಿಡಿಯದೆ, ರಕ್ತ ಪರೀಕ್ಷೆಯಿಂದಲೇ ಕಿಡ್ನಿ ಸೋಸುವುದನ್ನು ಅಂದಾಜು ಮಾಡುವ ಲೆಕ್ಕ) ಹಾಕಿದರೆ 50ರ ಹತ್ತಿರ ಬರುತ್ತದೆ. ಎರಡಕ್ಕೂ ಇಷ್ಟು ಅಂತರ ಕಂಡಾಗ ಲ್ಯಾಬಿನವರು ಒಂದು ಮಾತು ಕೇಳಬೇಕಿತ್ತು. ಮತ್ತೆ ಸರಿಯಾಗಿ ಹಿಡಿದು ಮಾಡಿಸಿದೆವು. 48 ಬಂತು. ಅದೂ ಕಡಿಮೆಯೇ, ಔಷಧಿ ನಡೀತಿದೆ.

ಸರಿಯಾಗಿ ಹಿಡಿಯೋದು ಹೀಗೆ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಚೆಲ್ಲಬೇಕು. ಆ ಹೊತ್ತು ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದಿನದ್ದೆಲ್ಲ ಕ್ಯಾನಿಗೆ, ಮಾರನೇ ಬೆಳಿಗ್ಗೆ ಅದೇ ಹೊತ್ತಿನದ್ದೂ ಸೇರಿ. ಮೊದಲಿನದ್ದನ್ನೂ ಹಾಕಿಬಿಟ್ಟರೆ ಸಂಖ್ಯೆ ಸುಮ್ನೆ ಜಾಸ್ತಿ ಬರುತ್ತದೆ. ನನಗೆ ಜಾಸ್ತಿ ಭಯ ಇದೇ, ಏಕೆಂದರೆ ಇರುವ ಕಾಯಿಲೆ ಮುಚ್ಚಿಹೋಗುತ್ತದೆ.

ನಾನು ಕೆಲಸದಲ್ಲಿದ್ದಾಗ ಕ್ಯಾನಿಗೆ ಪ್ಲಾಸ್ಟರ್ ಅಂಟಿಸಿ, 'ಶುರು', 'ಮುಗಿದದ್ದು' ಅಂತ ಎರಡು ಗೆರೆ ಎಳೆದು ಕೊಡುತ್ತಿದ್ದೆ. ತಂದಾಗ ಎಲ್ಲಾದರೂ ತಪ್ಪಿತೇ ಅಂತ ಪಕ್ಕಕ್ಕೆ ಕರೆದು ಕೇಳುತ್ತಿದ್ದೆ. ಎಲ್ಲ ಲ್ಯಾಬಿನವರೂ ಇಷ್ಟು ಮಾಡಲಿ, ಕನ್ನಡದಲ್ಲೇ ಒಂದು ಚೀಟಿ ಬರೆದು ಕೊಡಲಿ. ಜೊತೆಗೆ ಒಂದು ಬಟ್ಟೆ ಚೀಲ ಕೊಟ್ಟರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಜನ ನೋಡುತ್ತಾರೆ ಅಂತ ಅರ್ಧ ಚೆಲ್ಲಿ, ಸಣ್ಣ ಬಾಟಲಿಯಲ್ಲಿ ತಂದ ಹೆಂಗಸರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

— ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಹಾಸನ ಜಿಲ್ಲೆ