ವಿಕಿರಣ ಚಿಕಿತ್ಸೆಯ ಕೋಣೆಯಲ್ಲಿ ಕನ್ನಡದ ದನಿ ಕೇಳಲಿ

ಮಾನ್ಯ ಸಂಪಾದಕರೇ,

ನಾಲಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ನನ್ನ ಅಕ್ಕನನ್ನು ಕಳೆದ ವರ್ಷ ಆರು ವಾರಗಳ ಕಾಲ, ವಾರಕ್ಕೆ ಐದು ದಿನದಂತೆ, ಮಂಡ್ಯದಿಂದ ಮೈಸೂರಿನ ಆಸ್ಪತ್ರೆಯೊಂದಕ್ಕೆ ವಿಕಿರಣ ಚಿಕಿತ್ಸೆಗೆ ಕರೆದೊಯ್ಯುತ್ತಿದ್ದೆ. ನಮ್ಮ ಕಡೆ ಇದಕ್ಕೆ ‘ಕರೆಂಟ್ ಇಡುವುದು’ ಎನ್ನುತ್ತಾರೆ. ಆ ಮಾತು ಕೇಳಿಯೇ ಅಕ್ಕ ಶಾಕ್ ಹೊಡೆಯುತ್ತದೆಂದು ನಂಬಿದ್ದರು. ಕಿರಣ ಹಾಯುವಾಗ ನೋವಾಗುವುದಿಲ್ಲವೆಂದು ವೈದ್ಯರು ತಿಳಿಸಿ ಹೇಳಿದ ಮೇಲೆ ಆ ಭಯ ಹೋಯಿತು. ಮುಖವಾಡದ ಭಯ ಮಾತ್ರ ಉಳಿಯಿತು.

ತಲೆ ಮತ್ತು ಕತ್ತಿನ ಭಾಗಕ್ಕೆ ಚಿಕಿತ್ಸೆ ಪಡೆಯುವವರು ಅಲುಗಾಡಬಾರದೆಂದು, ಬಿಸಿನೀರಿನಲ್ಲಿ ಮೆದುವಾಗಿಸಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆಯುತ್ತಾರೆ. ದಿನವೂ ಅದನ್ನೇ ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ಬಳಿಕ ಸಿಬ್ಬಂದಿ ಹೊರಹೋಗಿ, ದಪ್ಪ ಬಾಗಿಲು ಮುಚ್ಚಿ, ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಒಳಗೆ ಹತ್ತು ಹನ್ನೆರಡು ನಿಮಿಷ ರೋಗಿ ಒಂಟಿ. ಮೊದಲ ದಿನ ಅಕ್ಕ ಎರಡು ಬಾರಿ ಕೈ ಎತ್ತಿದ್ದರಿಂದ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೊರಬಂದಾಗ ಅವರ ಕೆನ್ನೆಯ ಮೇಲೆ ಜಾಲರಿಯ ಗುರುತು ಮೂಡಿತ್ತು, ಸೆರಗಿನ ತುದಿ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಎರಡನೇ ವಾರ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ ಧ್ಯಾನದ ಧ್ವನಿಮುದ್ರಣವೊಂದನ್ನು ಹಾಕಿದರು. ಅದು ಇಂಗ್ಲಿಷಿನಲ್ಲಿತ್ತು, ಸಮುದ್ರತೀರದಲ್ಲಿ ಮಲಗಿರುವಂತೆ ಕಲ್ಪಿಸಿಕೊಳ್ಳಲು ಹೇಳುತ್ತಿತ್ತು. ಅಕ್ಕ ಸಮುದ್ರ ಕಂಡವರಲ್ಲ, ಆ ಭಾಷೆಯೂ ಅವರಿಗೆ ಬಾರದು. ಅಂದು ರಾತ್ರಿ ನಾನೇ ಮೊಬೈಲಿನಲ್ಲಿ ಹನ್ನೆರಡು ನಿಮಿಷದ ಮಾತನ್ನು ರೆಕಾರ್ಡ್ ಮಾಡಿದೆ. ಹಿತ್ತಲ ಬಾಗಿಲಿನಿಂದ ಹೊರಟು, ವಿಶ್ವೇಶ್ವರಯ್ಯ ನಾಲೆಯ ಏರಿ ಹತ್ತಿ, ಕಬ್ಬಿನ ಗದ್ದೆಯ ಬದುವಿನಲ್ಲಿ ನಡೆದು ಹೋಗುವುದು. ಅಂಗಾಲಿನಿಂದ ಹೆಗಲಿನವರೆಗೆ ಒಂದೊಂದೇ ಅಂಗವನ್ನು ಸಡಿಲ ಬಿಡುವುದು. ಉಗುಳು ಗಂಟಲಿಗೆ ಬಂದರೆ ಗಾಬರಿಯಾಗದೆ ಮೆಲ್ಲಗೆ ನುಂಗುವುದು. ನುಂಗಬಹುದೇ ಎಂದು ತಂತ್ರಜ್ಞರನ್ನು ಮೊದಲೇ ಕೇಳಿಕೊಂಡಿದ್ದೆ. ಮೂರನೇ ವಾರದ ಹೊತ್ತಿಗೆ ಅಕ್ಕ ಕೈ ಎತ್ತುವುದು ನಿಂತಿತು. ಬಾಯಿಹುಣ್ಣು ಇದರಿಂದ ಕಡಿಮೆಯಾಗಲಿಲ್ಲ, ಆಗುತ್ತದೆಂದು ನಾನು ಹೇಳುವುದೂ ಇಲ್ಲ. ಧ್ಯಾನವು ಕ್ಯಾನ್ಸರಿಗೆ ಮದ್ದಲ್ಲ. ಚಿಕಿತ್ಸೆಯನ್ನು ಬಿಡದೆ ಪೂರೈಸಲು ಅದು ಆಸರೆ.

ಇದು ಬರಿಯ ಮನೆಯ ಅನುಭವವಲ್ಲ. ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 88 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಬೆಂಗಳೂರಿನ ಸಂಶೋಧಕರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಗಾಭ್ಯಾಸ ಮಾಡಿದವರ ಆತಂಕ ಇಳಿದದ್ದು ಕಂಡುಬಂದಿತ್ತು. ಕ್ಯಾನ್ಸರ್ ರೋಗಿಗಳ ಆತಂಕಕ್ಕೆ ಚಿಕಿತ್ಸೆಯ ನಡುವೆಯೂ ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ ಧ್ಯಾನವನ್ನು ಒದಗಿಸಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು 2023ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿವೆ.

ಒಂದು ಎಚ್ಚರಿಕೆ ಮುಖ್ಯ. ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂಬ ಧ್ಯಾನದ ವಾಡಿಕೆಯ ಮಾತು ಇಲ್ಲಿ ಸಲ್ಲದು. ಎದೆಯ ಭಾಗಕ್ಕೆ ಕಿರಣ ಕೊಡುವಾಗ ಉಸಿರಿನ ಏರಿಳಿತ ಬದಲಾದರೆ ಗುರಿಯೇ ಸರಿಯುತ್ತದೆ. ಎಡ ಸ್ತನದ ಚಿಕಿತ್ಸೆಯಲ್ಲಿ ಹೃದಯವನ್ನು ಕಾಪಾಡಲು ಕೆಲವರಿಗೆ ಉಸಿರು ಬಿಗಿಹಿಡಿಯಲು ಸಿಬ್ಬಂದಿಯೇ ಸೂಚಿಸುತ್ತಾರೆ. ಆದ್ದರಿಂದ ಧ್ವನಿಮುದ್ರಣದ ಪಠ್ಯವನ್ನು ವಿಕಿರಣ ವಿಭಾಗದವರು ಓದಿ ಒಪ್ಪಲೇಬೇಕು. ಅದರಲ್ಲಿ ಮಂತ್ರ, ಪ್ರಾರ್ಥನೆ ಬೇಡವೆಂಬುದು ನನ್ನ ಅಭಿಪ್ರಾಯ. ಚಿಕಿತ್ಸಾ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಲ್ಲ ಮತಗಳವರೂ ಸರದಿ ಕಾಯುತ್ತಾರೆ. ಬೇಡವೆಂದವರಿಗೆ ಹಾಕಲೂಬಾರದು. ಆತಂಕ ಅತಿಯಾದವರಿಗೆ ವೈದ್ಯರು ಕೊಡುವ ಮಾತ್ರೆಯೂ ಬೇಕಾಗಬಹುದು.

ಕನ್ನಡದಲ್ಲಿ ಇಂಥ ಧ್ವನಿಮುದ್ರಣ ಮಾಡಲು ಮೈಸೂರಿಗಿಂತ ತಕ್ಕ ಊರು ಯಾವುದು? ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ ಊರು ಇದು. ಮೈಸೂರು ಆಕಾಶವಾಣಿ, ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ ಮತ್ತು ವಿಕಿರಣ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಒಟ್ಟಿಗೆ ಕುಳಿತರೆ ಕೆಲವೇ ವಾರಗಳಲ್ಲಿ ಅವು ಸಿದ್ಧವಾಗುತ್ತವೆ. ಒಂದೇ ಸಾಲದು. ನಾನು ಮಾಡಿದ್ದನ್ನು ಹೆಗ್ಗಡದೇವನಕೋಟೆಯ ತಾಯಿಯೊಬ್ಬರಿಗೆ ಅವರ ಮಗ ಕೇಳಿ ಪಡೆದು ಹಾಕಿಸಿದ್ದರು. ಮರುದಿನ ಆ ತಾಯಿ ನನ್ನನ್ನು ಕರೆದು, ‘ನಾಲೆ ಬೇಡ ಕಣಪ್ಪ, ಕಾಡಂಚಿನ ನಮ್ಮ ರಾಗಿ ಹೊಲದ ಮೇಲೆ ಕರ್ಕೊಂಡು ಹೋಗು’ ಎಂದರು.

ಇಂತಿ ತಮ್ಮ ವಿಶ್ವಾಸಿ,
ಓದುಗ, ಮಂಡ್ಯ