ತೋಡಿನ ದಂಡೆಗೆ ಮುಂಡೇವೇ ಸಾಕಿತ್ತು

ಮಾನ್ಯ ಸಂಪಾದಕರೇ,

ನಮ್ಮ ಗದ್ದೆ ಪಕ್ಕದ ತೋಡಿನ (ಹಳ್ಳದ) ಹೂಳು ತೆಗೆಯಲು ಕಳೆದ ಬೇಸಿಗೆಯಲ್ಲಿ ಜೆಸಿಬಿ ಬಂದಿತ್ತು. ಹೂಳಿನ ಜೊತೆಗೆ ದಂಡೆಯ ಮುಂಡೇವಿನ (ಕೇದಗೆ ಜಾತಿಯ ಮುಳ್ಳುಗಿಡ) ಪೊದೆಯನ್ನೂ ಬುಡಸಮೇತ ಕಿತ್ತು ಹಾಕಿದರು. ‘ಬರೀ ಮುಳ್ಳು, ಹಾವು ಬೇರೆ ಇರ್ತದೆ’ ಅಂದರು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಎರಡು ಮಾರು ದಂಡೆ ಕುಸಿದು, ಬದುವಿನ ತೆಂಗಿನಮರವೊಂದು ತೋಡಿಗೆ ಮಲಗಿತು. ತೆಗೆದ ಹೂಳಿಗಿಂತ ಜಾಸ್ತಿ ಮಣ್ಣು ಮತ್ತೆ ಅಲ್ಲೇ ಬಿತ್ತು! ಅಷ್ಟಮಿಗೆ ಇಡ್ಲಿ ಹಿಟ್ಟು ಬೇಯಿಸುವ ಮೂಡೆ ಕಟ್ಟಲು ಮುಂಡೇವಿನ ಎಲೆಯನ್ನು ಪೇಟೆಯಿಂದ ದುಡ್ಡು ಕೊಟ್ಟು ತಂದದ್ದು ಬೇರೆ.

ಮುಂಡೇವಿನ ಕಾಂಡದಿಂದ ಊರುಗೋಲಿನ ಹಾಗೆ ಬೇರುಗಳು ಇಳಿದು ಮಣ್ಣನ್ನು ಹಿಡಿಯುತ್ತವೆ. ಓಡುವ ನೀರೂ ಅಲ್ಲಿ ನಿಧಾನವಾಗುತ್ತದೆ. ದಂಡೆಗೆ ಲಾವಂಚದ ಹುಲ್ಲೂ ಆಗುತ್ತದೆ, ಅದರ ಬೇರು ಎರಡು ಮೂರು ಮೀಟರ್ ಆಳಕ್ಕೂ ಹೋಗುತ್ತದೆ. ಅಳಿವೆ ಕಡೆ ಉಪ್ಪುನೀರಿನಲ್ಲಿ ಇದೇ ಕೆಲಸ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ್ದು. ತಡೆಗೋಡೆ ಬೇಡವೇ ಬೇಡ ಅಂತಲ್ಲ, ಸೇತುವೆ ಹತ್ತಿರ ಬೇಕು. ಸಣ್ಣ ತೋಡಿಗೂ ಕಾಂಕ್ರೀಟ್ ಯಾಕೆ? ನಮ್ಮ ತೋಡು ಸೇರುವುದು ಸ್ವರ್ಣಾ ನದಿಯನ್ನು, ಕುಸಿದ ಮಣ್ಣು ಹೋಗುವುದೂ ಅಲ್ಲಿಗೇ. ಬಜೆ ಅಣೆಕಟ್ಟಿನಲ್ಲಿ ನಿಲ್ಲಿಸಿ ಉಡುಪಿ ನಗರಕ್ಕೆ ಕುಡಿಯಲು ಕೊಡುವುದೂ ಅದೇ ನದಿಯ ನೀರು, ಅಲ್ವಾ?

ಮುಂದಿನ ಸಲ ದಂಡೆಯ ಗಿಡ ಮುಟ್ಟಬಾರದು ಎಂದು ಗುತ್ತಿಗೆಯಲ್ಲೇ ಬರೆಯಲಿ. ಮೇಲಿನ ಗದ್ದೆ ಬದಿಯಲ್ಲಿ ಇನ್ನೊಂದು ಪೊದೆ ಉಳಿದಿದೆ. ನೆಡುವವರು ಅದರ ಕಂದು (ಬುಡದ ಮರಿಗಿಡ) ಒಯ್ಯಬಹುದು, ದುಡ್ಡೇನೂ ಬೇಡ.

— ಓದುಗ, ಹಿರಿಯಡಕ